ಬೆಪ್ಪುವಿನಲ್ಲಿ ಬೆಪ್ಪಾಗಿ

ಬೈಸಿಕೊಂಡದ್ದು ಎರಡು ದಿನಕ್ಕೆ ಮರೆತುಹೋಗುತ್ತೆ. ಆದರೆ ಯಾಕೆ ಬೈದರು ಅಂತ ಗೊತ್ತಾಗದೆ ಬೈಸಿಕೊಂಡರೆ ಅದು ಅಂಗಾಲಿಗೆ ಹೊಕ್ಕ ಮುಳ್ಳಿನ ಹಾಗೆ ಒಳಗೇ ಉಳಿದುಬಿಡುತ್ತೆ. ನನಗೆ ಆ ಮುಳ್ಳು ಚುಚ್ಚಿದ್ದು ಬೆಪ್ಪು ಅನ್ನುವ ಊರಲ್ಲಿ. ತಮಾಷೆಯಲ್ಲ, ಊರಿನ ಹೆಸರೇ ಅದು. ಜಪಾನಿನ ಕ್ಯೂಶೂ ದ್ವೀಪದಲ್ಲಿ, ಓಯಿತಾ ಪ್ರಿಫೆಕ್ಚರಿನ (ಪ್ರಿಫೆಕ್ಚರ್ ಅಂದರೆ ಅಲ್ಲಿನ ಪ್ರಾಂತ್ಯ) ಸಮುದ್ರದಂಡೆಯಲ್ಲಿರುವ ಬಿಸಿನೀರ ಬುಗ್ಗೆಗಳ ಊರು. ಹೊರಡುವ ಮುಂಚೆ ಫೋನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಬೆಪ್ಪು ಅಂತಾನಾ? ಸರಿ ಬಿಡು, ನಿನಗೆ ತಕ್ಕ ಊರೇ ಸಿಕ್ತು."

ಒಸಾಕಾದಲ್ಲಿ ಕೆಲಸಕ್ಕೆ ಸೇರಿ ಆಗ ಎರಡನೇ ವರ್ಷ. ಒಸಾಕಾದಿಂದ ಬೆಪ್ಪುವಿಗೆ ರಾತ್ರಿ ಹಡಗಿದೆ. ಸಂಜೆ ಹತ್ತಿ ಮಲಗಿದರೆ ಬೆಳಿಗ್ಗೆ ಏಳುವ ಹೊತ್ತಿಗೆ ಊರು ಬಂದಿರುತ್ತೆ, ಥೇಟ್ ನಮ್ಮ ಬೆಂಗಳೂರು–ತೀರ್ಥಹಳ್ಳಿ ನೈಟ್ ಬಸ್ಸಿನ ಹಾಗೆ. 1912ರಿಂದ ಈ ದಾರಿಯಲ್ಲಿ ಹಡಗು ಓಡಾಡುತ್ತಿದೆ. ಈ ಊರನ್ನು ಊರು ಮಾಡಿದ್ದರಲ್ಲಿ ಹಡಗಿನ ಪಾಲು ದೊಡ್ಡದು. ನಾನು ಡೆಕ್ ಮೇಲೆ ಬಂದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಎದುರಿಗೆ ಬೆಟ್ಟ. ಬೆಟ್ಟದ ಬುಡದಿಂದ ಸಮುದ್ರದ ತನಕ ಇಳಿಜಾರಿನ ಮೇಲೆ ಮನೆಗಳು. ಆ ಮನೆಗಳ ನಡುವೆ ಅಲ್ಲಲ್ಲಿ ಬಿಳಿ ಹೊಗೆ. ಬೆಳಗಿನ ಜಾವ ನಮ್ಮೂರಲ್ಲಿ ಹೆಂಚಿನ ಸಂದಿಯಿಂದ ಬಚ್ಚಲೊಲೆ ಹೊಗೆ ಏಳುತ್ತಲ್ಲ, ಹಾಗೇ. ಎಷ್ಟು ಹಾಗೇ ಅಂದರೆ, ಮೂಗಿಗೆ ಸೌದೆ ವಾಸನೆ ಬಂದ ಹಾಗಾಯಿತು. ಹತ್ತಿರ ಹೋದ ಮೇಲೆ ತಿಳಿಯಿತು, ಅದು ಹೊಗೆಯಲ್ಲ, ಹಬೆ. ಸೌದೆ ವಾಸನೆಯೂ ಅಲ್ಲ, ಗಂಧಕದ್ದು.

ಬೈಸಿಕೊಂಡದ್ದು ಅವತ್ತು ಸಂಜೆ. ಬೆಪ್ಪುವಿನಲ್ಲಿ ದೊಡ್ಡ ಹೋಟೆಲುಗಳ ಸ್ನಾನದ ಕೊಳಗಳು ಬೇರೆ, ಕೇರಿಯ ಸ್ನಾನದ ಮನೆಗಳು ಬೇರೆ. ಇಂಥ ಕೇರಿಯ ಸ್ನಾನದ ಮನೆಗಳು ಊರ ತುಂಬಾ ನೂರಕ್ಕೂ ಮೇಲಿವೆ. ನಾನು ಹೊಕ್ಕದ್ದು ಅಂಥದ್ದರಲ್ಲಿ ಒಂದು. ಅದರ ಹೆಸರು ಇಲ್ಲಿ ಬೇಡ. ಎರಡು ಅಂತಸ್ತಿನ ಸಾದಾ ಕಟ್ಟಡ. ಮೇಲೆ ಕೇರಿಯವರು ಸಭೆ ಸೇರುವ ಕೋಣೆ, ಕೆಳಗೆ ಸ್ನಾನದ ಮನೆ. ಬಾಗಿಲಲ್ಲಿ ದುಡ್ಡು ಹಾಕುವ ಒಂದು ಮರದ ಡಬ್ಬಿ, ನೋಡಿಕೊಳ್ಳುವವರು ಯಾರೂ ಇಲ್ಲ. ಒಳಗೆ ಹೋದರೆ ಬಟ್ಟೆ ಇಡುವ ಗೂಡುಗಳು. ಅಲ್ಲಿಂದ ನಾಲ್ಕು ಮೆಟ್ಟಿಲು ಇಳಿದರೆ ತೊಟ್ಟಿ. ನಡುವೆ ಗೋಡೆಯಿಲ್ಲ, ಪರದೆಯಿಲ್ಲ. ಬಟ್ಟೆ ಬಿಚ್ಚುವವರನ್ನು ನೀರಲ್ಲಿ ಕೂತವರು ನೋಡಬಹುದು, ಆದರೆ ಯಾರೂ ನೋಡುವುದಿಲ್ಲ. ಶವರ್ ಇಲ್ಲ, ಸೋಪು ಇಲ್ಲ. ತೊಟ್ಟಿಯ ಸುತ್ತ ನೆಲದ ಮೇಲೆ ಕೂತು, ತೊಟ್ಟಿಯಿಂದಲೇ ಪುಟ್ಟ ಬಕೆಟ್ಟಲ್ಲಿ ನೀರು ಮೊಗೆದು ಮೈ ತೊಳೆದುಕೊಂಡು, ಆಮೇಲೆ ತೊಟ್ಟಿಗೆ ಇಳಿಯಬೇಕು.

ಮೈಮೇಲೆ ಬಟ್ಟೆಯಿಲ್ಲದೆ ಹೆಂಗಸರ ಮಧ್ಯೆ ಕೂರುವ ಸಂಕೋಚದ ಬಗ್ಗೆ ಬರೆಯಲ್ಲ. ಅದನ್ನು ಎಲ್ಲರೂ ಬರೆದಿದ್ದಾರೆ, ಅದು ಹತ್ತು ನಿಮಿಷದಲ್ಲಿ ಹೋಗುತ್ತೆ ಕೂಡ. ನನಗೆ ಕಷ್ಟವಾದದ್ದು ಬಿಸಿ. ಕಾಲು ಇಟ್ಟೆ, ತೆಗೆದೆ. ಮತ್ತೆ ಇಟ್ಟೆ. ಮೊಣಕಾಲಿನವರೆಗೆ ಕೆಂಪಗಾಯಿತು. ಒಳಗೆ ಇಬ್ಬರು ಅಜ್ಜಿಯರು ಕುತ್ತಿಗೆ ತನಕ ಮುಳುಗಿ, ಅಂಗಡಿ ಮುಂಗಟ್ಟಿನ ಮಾತಾಡಿಕೊಂಡು ಆರಾಮಾಗಿ ಕೂತಿದ್ದರು. ತೊಟ್ಟಿಯ ಮೂಲೆಯಲ್ಲಿ ತಣ್ಣೀರಿನ ನಲ್ಲಿ ಕಾಣಿಸಿತು. ನಲ್ಲಿ ಇರೋದು ತಿರುಗಿಸುವುದಕ್ಕೇ ಅಲ್ವಾ? ತಿರುಗಿಸಿದೆ. ಬುಳುಬುಳು ಅಂತ ತಣ್ಣೀರು ತೊಟ್ಟಿಗೆ ಬೀಳತೊಡಗಿತು. ಅರ್ಧ ನಿಮಿಷವೂ ಆಗಿರಲಿಲ್ಲ. ಒಬ್ಬ ಅಜ್ಜಿ ಎದ್ದು ಬಂದು, ನನ್ನ ಕೈ ಪಕ್ಕಕ್ಕೆ ಸರಿಸಿ, ನಲ್ಲಿಯನ್ನು ಗಟ್ಟಿಯಾಗಿ ನಿಲ್ಲಿಸಿದಳು. "ಉಮೆತಾರಾ ಇಕೆನ್!" ಅಂದಳು. ಇಕೆನ್ ಅನ್ನುವುದು ಆ ಕಡೆಯ ಆಡುಮಾತು, ಕೂಡದು ಅಂತ. ಅದು ಗೊತ್ತಿತ್ತು. ಆದರೆ ಉಮೆರು ಅಂದರೆ ನನಗೆ ಗೊತ್ತಿದ್ದ ಅರ್ಥ ಒಂದೇ, ಹೂಳುವುದು. ಗುಂಡಿ ತೋಡಿ ಮಣ್ಣು ಮುಚ್ಚುವುದು. ಹೂಳಬೇಡ ಅಂತಿದ್ದಾಳೆ. ಏನನ್ನು? ನಾನೇನು ಹೂತೆ? ಮೊಣಕಾಲಿನ ತನಕ ಬೆಂದು, ಬರಿ ಮೈಯಲ್ಲಿ, ಅಕ್ಷರಶಃ ಬೆಪ್ಪಾಗಿ ನಿಂತಿದ್ದೆ.

ಆ ಅಜ್ಜಿ ಹೋಗಿ ಮತ್ತೆ ನೀರಲ್ಲಿ ಕೂತಳು. ಮಾತು ಮುಂದುವರಿಯಿತು. ನಾನು ಮೈ ಒರೆಸಿಕೊಂಡು ಹೊರಗೆ ಬಂದೆ. ತೊಟ್ಟಿಗೆ ಇಳಿಯಲೇ ಇಲ್ಲ.

ಹಂಡೆಯ ಕಾನೂನು

ಹೋಟೆಲಿಗೆ ಬಂದು ನಿಘಂಟು ನೋಡಿದೆ. ಉಮೆರು, ಹೂಳುವುದು. ಅದೇ ಪದದ ಕೆಳಗೆ ಇನ್ನೊಂದು ಅರ್ಥ: ಬಿಸಿನೀರಿಗೆ ತಣ್ಣೀರು ಬೆರೆಸಿ ಬಿಸಿ ಕಮ್ಮಿ ಮಾಡುವುದು. ಅಂದರೆ ಜಪಾನೀ ಭಾಷೆಯಲ್ಲಿ ಬಿಸಿಯನ್ನು ತಣ್ಣೀರಿನ ಕೆಳಗೆ ಹೂಳುತ್ತಾರೆ. ನಾವು ಅದೇ ಕೆಲಸಕ್ಕೆ ಹದ ಮಾಡುವುದು ಅನ್ನುತ್ತೇವೆ. ಕೆಲಸ ಒಂದೇ. ಒಬ್ಬರ ಬಾಯಲ್ಲಿ ಅದು ಕೊಲೆ, ಇನ್ನೊಬ್ಬರ ಬಾಯಲ್ಲಿ ಒಳ್ಳೇತನ.

ಅರ್ಥ ಸಿಕ್ಕಿದರೂ ಸಿಟ್ಟು ಇಳಿಯಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ದೂರು ಹೇಳಿದೆ. ಪರದೇಶದವಳು ಅಂತ ಹೀಗೆ ಮಾಡಿದರು, ಅಷ್ಟು ಬಿಸಿ ನೀರಲ್ಲಿ ಮನುಷ್ಯರು ಕೂರಲು ಆಗುತ್ತಾ, ಇತ್ಯಾದಿ. ಅಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ತಣ್ಣೀರು ಎಲ್ಲಿಗೆ ಬಿಟ್ಟೆ? ನಿನ್ನ ಬಕೆಟ್ಟಿಗಾ, ತೊಟ್ಟಿಗಾ?"

"ತೊಟ್ಟಿಗೆ."

"ಮತ್ತೆ ಸರಿಯಾಗೇ ಬೈದಿದ್ದಾಳೆ ಮಾರಾಯ್ತಿ. ಹಂಡೆಗೇ ಯಾರಾದ್ರೂ ನೀರು ಬೆರೆಸ್ತಾರಾ?"

ಮಲೆನಾಡಿನ ಬಚ್ಚಲು ಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಗೀಸರ್ ಕಾಲದಲ್ಲಿ ಹುಟ್ಟಿದವರೂ ಓದುತ್ತಿರಬಹುದು. ನಮ್ಮಜ್ಜನ ಮನೆಯ ಬಚ್ಚಲಲ್ಲಿ ಮಣ್ಣಿನ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ. ಹೊರಮೈ ಮಸಿ ಹಿಡಿದು ಕಪ್ಪು, ಒಳಮೈ ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ. ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಅದಕ್ಕೆ ಗುಡ್ಡದ ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಬಂದು ಬೀಳುತ್ತಿತ್ತು. ಮನೆಯಲ್ಲಿ ಹನ್ನೊಂದು ಜನ. ಹಂಡೆ ಒಂದೇ. ಅದಕ್ಕೊಂದು ಕಾನೂನಿತ್ತು, ಯಾರೂ ಬರೆದಿಟ್ಟಿರಲಿಲ್ಲ. ಹಂಡೆಯಿಂದ ನಿನ್ನ ಬಕೆಟ್ಟಿಗೆ ಬಿಸಿನೀರು ತೋಡಿಕೋ. ತೊಟ್ಟಿಯಿಂದ ತಣ್ಣೀರು ತಗೊಂಡು ನಿನ್ನ ಬಕೆಟ್ಟಲ್ಲೇ ಹದ ಮಾಡಿಕೋ. ನಿನ್ನ ಸ್ನಾನ ಮುಗಿದ ಮೇಲೆ ಎಷ್ಟು ತೋಡಿದೆಯೋ ಅಷ್ಟು ನೀರು ಹಂಡೆಗೆ ತುಂಬು, ಒಲೆಗೆ ಎರಡು ಕೊತ್ತಳಿಗೆ ತಳ್ಳು, ಆಮೇಲೆ ಹೊರಗೆ ಬಾ. ಯಾರೋ ಒಬ್ಬರು ತುಂಬುವುದು ಮರೆತರೆ, ಅಥವಾ ತುಂಬಿ ಉರಿ ಮಾಡದೆ ಬಂದರೆ, ಅರ್ಧ ಗಂಟೆ ಬಿಟ್ಟು ಬಚ್ಚಲಿಂದ ಚಿಕ್ಕಪ್ಪನ ಕೂಗು ಕೇಳುತ್ತಿತ್ತು. ಯಾರು ಅಂತ ಪತ್ತೆ ಮಾಡುವುದು ಕಷ್ಟವಿರಲಿಲ್ಲ. ಯಾವಾಗಲೂ ನಾನೇ.

"ನಿನಗೆ ಬಿಸಿ ಜಾಸ್ತಿ ಆದ್ರೆ ಬಕೆಟ್ಟಲ್ಲಿ ಬೆರೆಸಿ ಮೈಮೇಲೆ ಹೊಯ್ಕೋ," ಅಮ್ಮ ಮುಂದುವರಿಸಿದಳು, "ಒಂದು ಇಪ್ಪತ್ತು ಚೊಂಬು ಹೊಯ್ಕೊಂಡ್ರೆ ಮೈ ಒಗ್ಗುತ್ತೆ. ಆಮೇಲೆ ಇಳಿ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಜಪಾನಿಗೆ ಕಾಲಿಡದ ಹೆಂಗಸು ಎರಡು ನಿಮಿಷದಲ್ಲಿ ಹೇಳಿದ್ದು, ಆಮೇಲೆ ನೋಡಿದರೆ, ಅಲ್ಲಿನ ರೂಢಿಯೇ. ಕಾಕೆಯು ಅನ್ನುತ್ತಾರೆ. ತೊಟ್ಟಿಗೆ ಇಳಿಯುವ ಮುಂಚೆ ಕಾಲಿನಿಂದ ಶುರುಮಾಡಿ ಮೇಲ್ಮೇಲಕ್ಕೆ ನೀರು ಹೊಯ್ದುಕೊಳ್ಳುವುದು. ಮೈ ಕೊಳೆಯನ್ನೂ ತೊಳೆಯುತ್ತೆ, ಮೈಯನ್ನು ಬಿಸಿಗೆ ತಯಾರೂ ಮಾಡುತ್ತೆ. ಮರುದಿನ ಬೆಳಿಗ್ಗೆ ಅದೇ ಸ್ನಾನದ ಮನೆಗೆ ಹೋದೆ. ಡಬ್ಬಿಗೆ ದುಡ್ಡು ಹಾಕಿದೆ. ಒಳಗಿದ್ದವರಿಗೆ ನಮಸ್ಕಾರ ಹೇಳಿದೆ (ಹಿಂದಿನ ದಿನ ಅದನ್ನೂ ಹೇಳಿರಲಿಲ್ಲ ಅನ್ನುವುದು ಆಗ ನೆನಪಾಯಿತು). ನೆಲದ ಮೇಲೆ ಕೂತು ಹೊಯ್ದುಕೊಂಡೆ, ಹೊಯ್ದುಕೊಂಡೆ, ಹೊಯ್ದುಕೊಂಡೆ. ಲೆಕ್ಕ ತಪ್ಪಿತು. ಕೊನೆಗೆ ಇಳಿದೆ. ಮೊದಲ ಹತ್ತು ಸೆಕೆಂಡು ಪ್ರಾಣ ಹೋದ ಹಾಗೆ. ಅಲುಗಾಡಿದರೆ ಸುಡುತ್ತೆ, ಸುಮ್ನೆ ಕೂತರೆ ಸುಡುವುದಿಲ್ಲ. ಇದು ಯಾರೂ ಹೇಳಿಕೊಡದೆ ಗೊತ್ತಾದ ಸಂಗತಿ. ಆ ನೀರಲ್ಲಿ ಎಲ್ಲರೂ ಅಷ್ಟು ಮೆಲ್ಲಗೆ ಯಾಕೆ ಮಾತಾಡುತ್ತಾರೆ, ಯಾಕೆ ಯಾರೂ ಕೈ ಬೀಸುವುದಿಲ್ಲ ಅನ್ನುವುದೂ ಗೊತ್ತಾಯಿತು. ಒಬ್ಬರು ಕದಲಿದರೆ ಬಿಸಿ ಇನ್ನೊಬ್ಬರಿಗೆ ತಗಲುತ್ತೆ.

ಬಿದಿರಿನ ಬೋರು

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಅಮ್ಮನ ಇನ್ನೊಂದು ಮಾತು. "ಅಲ್ಲಿ ಒಲೆಗೆ ಸೌದೆ ತಳ್ಳೋರು ಯಾರು?" ಯಾರೂ ಇಲ್ಲ, ಭೂಮಿಯೊಳಗಿನ ಶಾಖ ಅಂದೆ. "ಹಂಡೆ ತುಂಬೋರು?" ಅಂದಳು.

ಬೆಪ್ಪುವಿನ ಬೆನ್ನಿಗಿರುವುದು ತ್ಸುರುಮಿ ಬೆಟ್ಟ, 1,375 ಮೀಟರ್ ಎತ್ತರದ ಜ್ವಾಲಾಮುಖಿ. ಅದರ ಪಕ್ಕ ಗರಾನ್. ಈ ಬೆಟ್ಟಗಳ ಮೇಲೆ ಸುರಿದ ಮಳೆ ಇಂಗಿ ಆಳಕ್ಕಿಳಿದು, ಕಾದು, ಮತ್ತೆ ಮೇಲೆ ಬರುತ್ತೆ. ಹಾಗೆ ಬರಲು ಸುಮಾರು 50 ವರ್ಷ ಬೇಕು ಅಂತ ಅಲ್ಲಿನವರು ಹೇಳುತ್ತಾರೆ. ಅಂದರೆ ನಾನು ಕೂತಿದ್ದ ತೊಟ್ಟಿಯ ನೀರು ಅಮ್ಮ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಬಿದ್ದ ಮಳೆ. ಹಂಡೆ ತುಂಬುವವರು ಇದ್ದಾರೆ, ಆದರೆ ನಿಧಾನಸ್ಥರು.

ತೋಡುವವರು ಮಾತ್ರ ನಿಧಾನಸ್ಥರಲ್ಲ. ಈಗ ಬೆಪ್ಪುವಿನಲ್ಲಿ ಬಿಸಿನೀರು ಬರುವ ಬಾಯಿಗಳು 2,200ಕ್ಕೂ ಹೆಚ್ಚು. ಜಪಾನಿನ ಯಾವ ಊರಿನಲ್ಲೂ ಇಷ್ಟಿಲ್ಲ. ಊರಿನ ಜನಸಂಖ್ಯೆಯೋ, ಒಂದು ಲಕ್ಷದ ಮೇಲೆ ಸ್ವಲ್ಪ. ಬುಗ್ಗೆ ಅಂದ ಕೂಡಲೇ ಬಂಡೆ ಸಂದಿಯಿಂದ ತಾನಾಗಿ ಚಿಮ್ಮುವ ನೀರು ನಮ್ಮ ಕಣ್ಣ ಮುಂದೆ ಬರುತ್ತೆ. ಈ ಎರಡು ಸಾವಿರದಲ್ಲಿ ಬಹುಪಾಲು ಹಾಗಲ್ಲ, ಕೊರೆದ ಬಾವಿಗಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೋರ್‌ವೆಲ್. ಹತ್ತೊಂಬತ್ತನೇ ಶತಮಾನದ ಕೊನೆಗೆ ಕಜುಸಾ-ಬೋರಿ ಅನ್ನುವ ವಿದ್ಯೆ ಬೆಪ್ಪುವಿಗೆ ಬಂತು. (ಬೋರಿ ಅಂದರೆ ತೋಡುವುದು. ನಮ್ಮ ಬೋರಿಗೂ ಅದಕ್ಕೂ ಸಂಬಂಧವಿಲ್ಲ, ಕಿವಿಗೆ ಮಾತ್ರ ನೆಂಟಸ್ತಿಕೆ.) ಕಜುಸಾ ಅಂದರೆ ಟೋಕಿಯೋ ಹತ್ತಿರದ ಚಿಬಾ ಕಡೆಯ ಹಳೆಯ ಸೀಮೆ. ಅಲ್ಲಿನವರು ಕುಡಿಯುವ ನೀರಿಗಾಗಿ ಕಂಡುಕೊಂಡ ಉಪಾಯ ಇದು. ಯಂತ್ರವಿಲ್ಲ. ಬಿದಿರನ್ನು ಸೀಳಿ, ಸೀಳಿಗೆ ಸೀಳು ಜೋಡಿಸಿ ಉದ್ದನೆ ಪಟ್ಟಿ ಮಾಡಿ, ತುದಿಗೆ ಕಬ್ಬಿಣದ ಕೊಳವೆ ಕಟ್ಟಿ, ಬಾಗುವ ಬಿದಿರಿನ ಜಿಗಿತದಲ್ಲೇ ಎತ್ತಿ ಎತ್ತಿ ಕುಟ್ಟುವುದು. ಪಟ್ಟಿ ಸುತ್ತಲು ಆಳುದ್ದಕ್ಕೂ ಮೀರಿದ ಮರದ ಗಾಲಿ, ಅದರೊಳಗೆ ನಿಂತು ಕಾಲಲ್ಲಿ ತುಳಿದು ತಿರುಗಿಸುವ ಮನುಷ್ಯರು. ಹೀಗೆ ನೂರು ಮೀಟರಿಗಿಂತ ಆಳಕ್ಕೂ ಹೋಗುತ್ತಿದ್ದರು.

ಅಲ್ಲಿಯ ತನಕ ಬಿಸಿನೀರು ಎಲ್ಲಿತ್ತೋ ಅಲ್ಲಿಗೆ ಜನ ಹೋಗಬೇಕಿತ್ತು. ಶಿಕೋಕು ದ್ವೀಪದ ಕಡೆಯ ರೈತರು, ಮೀನುಗಾರರು ದೋಣಿಯಲ್ಲಿ ಅಕ್ಕಿ, ಮಿಸೋ ತುಂಬಿಕೊಂಡು ಬಂದು ದಡದಲ್ಲಿ ಕಟ್ಟಿ, ದೋಣಿಯಲ್ಲೇ ಮಲಗಿ, ದಿನಗಟ್ಟಲೆ ನೀರಲ್ಲಿ ನೆನೆದು ಹೋಗುತ್ತಿದ್ದರು. ಬಿದಿರಿನ ಬೋರು ಬಂದ ಮೇಲೆ ಬೇಕಾದವರ ಹಿತ್ತಿಲಿಗೇ ಬಿಸಿನೀರು ಬಂತು. ಮನೆಮನೆಗೆ, ಛತ್ರಕ್ಕೆ, ಕೇರಿಗೆ ಬಾವಿ. ಮೇಲೆ ನಿಂತು ನೋಡಿದರೆ ಎರಡು ಸಾವಿರ ಹಂಡೆ. ಕೆಳಗೆ ಹೋಗಿ ನೋಡಿದರೆ ಒಂದೇ. ಕೋಲಾರದವರಿಗೆ, ಚಿತ್ರದುರ್ಗದವರಿಗೆ ಈ ಕತೆಯ ಮುಂದಿನ ಅಧ್ಯಾಯ ಹೇಳುವುದೇ ಬೇಡ. ಬೆಪ್ಪುವಿನಲ್ಲೂ ಹೊಸ ಬಾವಿ ಕೊರೆದಾಗ ಹಳೆ ಬಾವಿ ಸೊರಗುವುದು ಶುರುವಾಯಿತು. ಕ್ಯೋಟೋ ವಿಶ್ವವಿದ್ಯಾಲಯ 1924ರಲ್ಲೇ ಇಲ್ಲೊಂದು ಸಂಶೋಧನಾ ಕೇಂದ್ರ ತೆರೆದಿತ್ತು, ಕೆಂಪು ಇಟ್ಟಿಗೆಯ ಆ ಕಟ್ಟಡ ಇವತ್ತೂ ಇದೆ. ಹಾಗಾಗಿ ಹಂಡೆಯೊಳಗೆ ಇಣುಕಿ ನೋಡುವವರು ಮೊದಲಿಂದಲೂ ಇದ್ದರು. 1960ರ ದಶಕದಲ್ಲೇ ಊರಿನ ಕೆಲವು ಭಾಗಗಳಲ್ಲಿ ಹೊಸದಾಗಿ ಕೊರೆಯುವುದನ್ನು ಪ್ರಿಫೆಕ್ಚರ್ ನಿಲ್ಲಿಸಿತು. ಈಗಿನ ತಕರಾರು ಬೇರೆ. ಬಿಸಿನೀರ ಹಬೆಯಿಂದ ಕರೆಂಟು ತೆಗೆಯುವ ಸಣ್ಣ ಸಣ್ಣ ಘಟಕಗಳು ಬಂದಿವೆ. ಸ್ನಾನದವರಿಗೂ ಕರೆಂಟಿನವರಿಗೂ ಒಂದೇ ಹಂಡೆ.

ಇದನ್ನೆಲ್ಲ ಓದಿದ ಮೇಲೆ ಆ ನಲ್ಲಿಯ ಅಜ್ಜಿ ನನಗೆ ಬೇರೆಯಾಗೇ ಕಾಣಿಸಿದಳು. ಕೇರಿಯ ಸ್ನಾನದ ಮನೆ ನಡೆಯುವುದು ಸರ್ಕಾರದ ದುಡ್ಡಲ್ಲಿ ಅಲ್ಲ. ಆ ಕೇರಿಯ ಮನೆಗಳು ತಿಂಗಳಿಗಿಷ್ಟು ಅಂತ ಹಾಕುತ್ತವೆ. ಸರದಿಯ ಪ್ರಕಾರ ತೊಟ್ಟಿ ಖಾಲಿ ಮಾಡಿ, ಪಾಚಿ ಉಜ್ಜಿ, ಮತ್ತೆ ತುಂಬಿಸುತ್ತಾರೆ. ಕೊಳವೆಯೊಳಗೆ ಖನಿಜ ಕಿಟ್ಟದ ಹಾಗೆ ಕಟ್ಟಿಕೊಳ್ಳುತ್ತೆ, ಅದನ್ನು ಕೆರೆಸುವ ಖರ್ಚು ಬೇರೆ. ಜನ ವಯಸ್ಸಾಗುತ್ತಿದ್ದಾರೆ. ಸರದಿಯ ಪಟ್ಟಿಯಲ್ಲಿ ಹೆಸರು ಕಮ್ಮಿಯಾಗುತ್ತಿವೆ, ಅಲ್ಲೊಂದು ಇಲ್ಲೊಂದು ಸ್ನಾನದ ಮನೆ ಬಾಗಿಲು ಹಾಕುತ್ತಿದೆ. ನೂರೋ ಇನ್ನೂರೋ ಯೆನ್ ಡಬ್ಬಿಗೆ ಹಾಕಿ ಬಂದ ನಾನು ಅವಳ ಲೆಕ್ಕದಲ್ಲಿ ಗಿರಾಕಿ ಆಗಿರಲೇ ಇಲ್ಲ. ಬಚ್ಚಲಿಗೆ ಬಂದ ನೆಂಟಳು. ಹಂಡೆ ಕಾನೂನು ನೆಂಟರಿಗೂ ಒಂದೇ.

ನರಕಕ್ಕೆ ಟಿಕೆಟ್

ಬೆಪ್ಪುವಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವುದು ನರಕಗಳ ಬಗ್ಗೆ. ಜಿಗೊಕು ಅಂದರೆ ನರಕ. ಬೇಸಾಯ ಮಾಡಲಾಗದ, ಕುದಿಯುವ ನೀರು, ಕೆಸರು, ಹಬೆ ಏಳುವ ನೆಲಕ್ಕೆ ಹಿಂದಿನವರು ಇಟ್ಟ ಹೆಸರು. ಈಗ ಅಂಥ ಏಳು ನರಕಗಳಿಗೆ ಬೇಲಿ ಹಾಕಿ ಟಿಕೆಟ್ ಇಟ್ಟಿದ್ದಾರೆ. ಉಮಿ ಜಿಗೊಕು ಅಂದರೆ ಸಮುದ್ರ ನರಕ, ನೋಡಿದರೆ ಕೈ ಅದ್ದೋಣ ಅನ್ನಿಸುವ ತಿಳಿ ನೀಲಿ, ಬಿಸಿ 98 ಡಿಗ್ರಿ. ಚಿನೊಯಿಕೆ ಅಂದರೆ ರಕ್ತದ ಕೊಳ, ಕಬ್ಬಿಣದ ಅಂಶವಿರುವ ಕೆಮ್ಮಣ್ಣಿನಿಂದ ಕೆಂಪು. ಎಂಟನೇ ಶತಮಾನದ ದಾಖಲೆಯಲ್ಲೇ ಇಲ್ಲಿಯ ಕೆಂಪು ಬಿಸಿನೀರಿನ ಮಾತಿದೆ. ಒಂದು ನರಕದಲ್ಲಿ ಮೊಸಳೆ ಸಾಕಿದ್ದಾರೆ, 1923ರಿಂದ. ಬಿಸಿನೀರಲ್ಲಿ ಮೊಸಳೆ ಚೆನ್ನಾಗಿ ಬೆಳೆಯುತ್ತವಂತೆ. ನನಗೆ ನೀಲಿ ಕೊಳ ಇಷ್ಟವಾಯಿತು, ಮಿಕ್ಕದ್ದು ಫೋಟೋ ತೆಗೆಯುವವರ ಹಿಂದೆ ಸಾಲಲ್ಲಿ ನಿಲ್ಲುವ ಕೆಲಸ. ಒಂದು ಸಲ ನೋಡಿ, ಸಾಕು.

ನರಕಕ್ಕಿಂತ ಆ ನರಕವನ್ನು ಮಾರಿದವನ ಕತೆ ಚೆನ್ನಾಗಿದೆ. ಬೆಪ್ಪು ರೈಲು ನಿಲ್ದಾಣದ ಎದುರು ಒಬ್ಬ ಬೋಳು ತಲೆಯ ಮನುಷ್ಯನ ಪ್ರತಿಮೆಯಿದೆ. ಎರಡೂ ಕೈ ಮೇಲೆತ್ತಿ, ಒಂದು ಕಾಲಲ್ಲಿ ಈಗಷ್ಟೇ ಹಾರಿಬಂದ ಹಾಗೆ ನಿಂತಿದ್ದಾನೆ. ಅವನ ಕೋಟಿಗೆ ಒಂದು ಪುಟ್ಟ ರಾಕ್ಷಸ ಜೋತುಬಿದ್ದಿದೆ. ಅಬುರಾಯಾ ಕುಮಾಹಾಚಿ, 1863ರಲ್ಲಿ ಶಿಕೋಕುವಿನ ಉವಾಜಿಮಾದಲ್ಲಿ ಹುಟ್ಟಿದವನು. ಅಕ್ಕಿ ಸಟ್ಟಾ ವ್ಯಾಪಾರದಲ್ಲಿ ದುಡ್ಡು ಮಾಡಿ, ಅದನ್ನೆಲ್ಲ ಕಳೆದುಕೊಂಡು, ಅಮೆರಿಕಕ್ಕೆ ಹೋಗಿ ಅಲೆದು, ಕೊನೆಗೆ ಬೆಪ್ಪುವಿಗೆ ಬಂದು 1911ರಲ್ಲಿ ಒಂದು ಸಣ್ಣ ವಸತಿಗೃಹ ತೆರೆದ. ಬೆಟ್ಟ ಅಂದರೆ ಫುಜಿ, ಕಡಲು ಅಂದರೆ ಸೆತೊ, ಬಿಸಿನೀರು ಅಂದರೆ ಬೆಪ್ಪು ಅಂತ ಬರೆಸಿದ ಕಂಬವನ್ನು ಹೊತ್ತುಕೊಂಡು ಹೋಗಿ ಫುಜಿ ಪರ್ವತದ ಮೇಲೇ ನೆಟ್ಟುಬಂದ. 1928ರಲ್ಲಿ ನರಕ ತೋರಿಸುವ ಬಸ್ಸು ಬಿಟ್ಟು, ಅದರಲ್ಲಿ ಹೆಣ್ಣುಮಕ್ಕಳನ್ನು ಗೈಡ್ ಮಾಡಿದ. ಜಪಾನಿನಲ್ಲಿ ಅದೇ ಮೊದಲು. ಆ ಹುಡುಗಿಯರು ವಿವರಣೆಯನ್ನು ಏಳು ಐದು ಮಾತ್ರೆಯ ಪದ್ಯದಲ್ಲಿ ಹಾಡಿ ಹೇಳುತ್ತಿದ್ದರು. ನಮ್ಮ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಭಾಮಿನಿ ಷಟ್ಪದಿಯಲ್ಲಿ ಜೋಗದ ವಿವರ ಹೇಳಿದ ಹಾಗೆ ಅಂದುಕೊಳ್ಳಿ. 1935ರಲ್ಲಿ ತೀರಿಕೊಂಡ. ಪ್ರತಿಮೆಯ ಪಕ್ಕದಲ್ಲೇ ಕೈ ಅದ್ದಲು ಬಿಸಿನೀರ ಪುಟ್ಟ ತೊಟ್ಟಿಯಿದೆ. ರೈಲಿಗೆ ಹೊತ್ತಿದ್ದರೆ ಎಲ್ಲರೂ ಒಂದು ನಿಮಿಷ ಕೈ ಅದ್ದಿ ಹೋಗುತ್ತಾರೆ.

ಅಮ್ಮ ಬಂದಳು

ಮುಂದಿನ ವರ್ಷ ನವೆಂಬರಿನಲ್ಲಿ ಅಮ್ಮ ಬಂದಳು. ಎಲ್ಲಿಗೆ ಹೋಗೋಣ ಅಂತ ಕೇಳಿದರೆ ಕ್ಯೋಟೋ ಬೇಡ, ಟೋಕಿಯೋ ಬೇಡ. "ಆ ಬೆಪ್ಪಿಗೆ ಕರ್ಕೊಂಡು ಹೋಗು." ಹೋದೆವು. ಮೊದಲೇ ಶರತ್ತು ಹಾಕಿದ್ದಳು, ಸ್ನಾನದ ಮನೆಯೊಳಗೆ ಬರಲ್ಲ ಅಂತ. ಬಲವಂತ ಮಾಡಲಿಲ್ಲ. ತಾಕೆಗವಾರಾ ಸ್ನಾನದ ಮನೆಯನ್ನು ಹೊರಗಿನಿಂದಲೇ ತೋರಿಸಿದೆ. 1879ರಲ್ಲಿ ಶುರುವಾದದ್ದು, ಈಗಿನ ಕಟ್ಟಡ 1938ರದ್ದು. ಮುಂದೆ ಬಿಲ್ಲಿನ ಹಾಗೆ ಬಾಗಿದ ದೊಡ್ಡ ಮಾಡು, ಕಪ್ಪು ಹೆಂಚು. ಅಮ್ಮ ಮಾಡನ್ನು ತಲೆಯೆತ್ತಿ ನೋಡಿ "ಬಚ್ಚಲು ಮನೆಗೆ ದೇವಸ್ಥಾನದ ಮಾಡು ಹಾಕಿದಾರೆ" ಅಂದಳು. ಒಳಗೆ ಬಿಸಿ ಮರಳಲ್ಲಿ ಜನರನ್ನು ಕುತ್ತಿಗೆ ತನಕ ಹೂಳುತ್ತಾರೆ ಅಂತ ಹೇಳಿದೆ. "ಅದನ್ನ ಹೂಳಬಹುದಾ?" ಅಂದಳು. ಅವಳು ಏನನ್ನೂ ಮರೆಯುವವಳಲ್ಲ.

ಅಮ್ಮನಿಗೆ ಹಿಡಿಸಿದ್ದು ಕನ್ನವಾ. ಊರಿನ ಎಂಟು ಬಿಸಿನೀರ ಕೇರಿಗಳಲ್ಲಿ ಅದೊಂದು. ಹೆಸರು ಕೇಳಿದ ಕೂಡಲೇ ಕನ್ನವ್ವ ಅಂತ ಮಾಡಿಕೊಂಡಳು. ಚರಂಡಿ ಜಾಲರಿಯಿಂದ, ಗೋಡೆ ಬುಡದಿಂದ, ಮನೆಯ ಹಿತ್ತಿಲಿಂದ ಎಲ್ಲ ಕಡೆ ಹಬೆ. ಅಲ್ಲಿ ಹಬೆಯಲ್ಲೇ ಅಡುಗೆ. ಜಿಗೊಕು-ಮುಶಿ ಅಂತಾರೆ, ನರಕದಲ್ಲಿ ಬೇಯಿಸಿದ್ದು ಅಂತ ಅರ್ಥ. ಕಲ್ಲಿನ ಕಟ್ಟೆಯಲ್ಲಿ ಚೌಕದ ಬಾಯಿ, ಮೇಲೆ ಮರದ ಮುಚ್ಚಳ. ಬಿದಿರು ಬುಟ್ಟಿಯಲ್ಲಿ ಗೆಣಸು, ಸಿಹಿಗುಂಬಳ, ಜೋಳ, ಎಲೆಕೋಸು ಇಟ್ಟು ಒಳಗಿಳಿಸಿ ಮುಚ್ಚಿದರೆ ಆಯಿತು, ಗ್ಯಾಸಿಲ್ಲ, ಬೆಂಕಿಯಿಲ್ಲ. ಪಕ್ಕದವರ ಬುಟ್ಟಿಯಲ್ಲಿ ಏಡಿ ಇತ್ತು, ಅಮ್ಮ ಆ ಕಡೆ ಬೆನ್ನು ಹಾಕಿ ನಿಂತಳು. ಮುಚ್ಚಳ ತೆಗೆದಾಗ ಭುಸ್ ಅಂತ ಮುಖಕ್ಕೆ ಬಂದ ಹಬೆಗೆ ಹಿಂದೆ ಸರಿಯಲೇ ಇಲ್ಲ ಅವಳು. ಕಡುಬು ಬೇಯಿಸಿ ಐವತ್ತು ವರ್ಷದ ಅಭ್ಯಾಸ. ಗೆಣಸು ಮುರಿದು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಉಪ್ಪು ಹಾಕಿದಾರಾ?" ಹಾಕಿರಲಿಲ್ಲ. ಹಬೆಯಲ್ಲೇ ಚೂರು ಉಪ್ಪಿರುತ್ತೆ. "ಬಚ್ಚಲೊಲೆ ಬೂದಿಯಲ್ಲಿ ಸುಟ್ಟಷ್ಟು ಚೆನ್ನಾಗಿಲ್ಲ" ಅಂದಳು. ಅಂದವಳು ಎರಡು ತಿಂದಳು.

ಅದೇ ಕೇರಿಯಲ್ಲಿ ಹಬೆ ಸ್ನಾನದ ಮನೆಯೊಂದಿದೆ. ಹದಿಮೂರನೇ ಶತಮಾನದಲ್ಲಿ ಇಪ್ಪೆನ್ ಅನ್ನುವ ಬೌದ್ಧ ಸನ್ಯಾಸಿ ಬಂದು ಇಲ್ಲಿನ ನರಕಗಳನ್ನು ಸಮಾಧಾನ ಮಾಡಿ ಹಬೆ ಸ್ನಾನ ಶುರುಮಾಡಿದ ಅನ್ನುವುದು ಊರ ನಂಬಿಕೆ. ಅಮ್ಮನನ್ನು ಹೊರಗೆ ಕಾಲು ಅದ್ದುವ ತೊಟ್ಟಿಯ ಹತ್ತಿರ ಕೂರಿಸಿ ನಾನು ಒಳಗೆ ಹೋದೆ. ಸೊಂಟ ಬಗ್ಗಿಸಿ ನುಗ್ಗುವ ಬಾಗಿಲು, ಕತ್ತಲೆ ಕಲ್ಲಿನ ಕೋಣೆ, ನೆಲದ ತುಂಬ ಒಂದು ಜಾತಿಯ ಒಣ ಹುಲ್ಲು. ಅದರ ಮೇಲೆ ಮಲಗಬೇಕು. ಅಲ್ಲಿಯವರೇ ಕೊಡುವ ತೆಳು ಬಟ್ಟೆ ಹಾಕಿಕೊಂಡಿರುತ್ತೀವಿ. ಎಂಟು ಹತ್ತು ನಿಮಿಷಕ್ಕೆ ಹೊರಗಿಂದ ಕರೆಯುತ್ತಾರೆ. ಬೆವರಲ್ಲಿ ತೊಯ್ದು, ಮತ್ತೆ ಮೈ ತೊಳೆದುಕೊಂಡು ಹೊರಗೆ ಬಂದು ಅಮ್ಮನ ಪಕ್ಕ ಕೂತೆ. ಅವಳು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಕಾಲು ನೀರಲ್ಲಿ ಬಿಟ್ಟುಕೊಂಡಿದ್ದಳು. ನನ್ನ ಕೂದಲ ಹತ್ತಿರ ಮೂಗು ತಂದು ಮೂಸಿದಳು. ಇನ್ನೊಂದು ಸಲ ಮೂಸಿದಳು.

"ಬಜೆ ವಾಸನೆ."

ಇಲ್ಲಮ್ಮ, ಅದ್ಯಾವುದೋ ಸೆಕಿಶೊ ಅನ್ನೋ ಗಿಡ ಅಂದೆ. "ಬಜೆ ಕಣೇ. ನಿನ್ನ ನಾಲಿಗೆಗೆ ತೇಯ್ದು ಹಚ್ಚಿದ್ದು ನಾನು, ನಂಗೆ ಗೊತ್ತಾಗಲ್ವಾ?" ಫೋನಲ್ಲಿ ನೋಡಿದೆ. ಸೆಕಿಶೊ ಮತ್ತು ನಮ್ಮ ಬಜೆ ಒಂದೇ ಕುಲ, ಅಕೋರಸ್. ಬಜೆಯ ಖಾಸಾ ತಂಗಿ. ನೋಡಿದ್ದನ್ನು ಅಮ್ಮನಿಗೆ ಹೇಳಲೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದೆ. ಹೇಳಿದರೆ ಊರಿಗೆ ಹೋಗಿ ಎಲ್ಲರಿಗೂ ಹೇಳುತ್ತಾಳೆ. ಹೇಳಿದೆ. ಎಲ್ಲರಿಗೂ ಹೇಳಿದಳು.

ಕನ್ನವಾದಲ್ಲೇ ಒಂದು ಹಳೆಯ ಸ್ನಾನಗೃಹ ಬಿಸಿಯ ಸಮಸ್ಯೆಗೆ ಬೇರೊಂದು ದಾರಿ ಕಂಡುಕೊಂಡಿದೆ. ಹ್ಯೋತಾನ್ ಅಂತ ಹೆಸರು, ಅಂದರೆ ಸೋರೆ ಬುರುಡೆ. 1922ರಿಂದ ನಡೆಯುತ್ತಿದೆ. ಅವರ ಬಾವಿ ನೀರು ಕುದಿಯುವಷ್ಟು ಬಿಸಿ, ಹಾಗೇ ತೊಟ್ಟಿಗೆ ಬಿಟ್ಟರೆ ಮನುಷ್ಯರು ಬೇಯುತ್ತಾರೆ. ತಣ್ಣೀರು ಬೆರೆಸಿದರೆ ಹೂತ ಹಾಗೆ. ಅದಕ್ಕೆ ಹಿತ್ತಿಲಲ್ಲಿ ಬಿದಿರಿನ ಕಡ್ಡಿಗಳನ್ನು ಪೊರಕೆಯ ಹಾಗೆ ಎತ್ತರಕ್ಕೆ ಜೋಡಿಸಿ ನಿಲ್ಲಿಸಿದ್ದಾರೆ. ನೀರು ಮೇಲಿಂದ ಆ ಕಡ್ಡಿಗಳ ಗುಂಟ ಹನಿಹನಿಯಾಗಿ ಇಳಿಯುತ್ತೆ. ಕೆಳಗೆ ಬರುವಷ್ಟರಲ್ಲಿ ಗಾಳಿಗೆ ಆರಿ 47 ಡಿಗ್ರಿಗೆ ಬಂದಿರುತ್ತೆ. ಒಂದು ತೊಟ್ಟು ತಣ್ಣೀರು ಬೆರೆಸದೆ. ನಾನು ಇದನ್ನು ವಿವರಿಸಿದಾಗ ಅಮ್ಮ ಅರ್ಧದಲ್ಲೇ ತಡೆದಳು. "ಎರಡು ಲೋಟದಲ್ಲಿ ಕಾಫಿ ಆರಿಸಲ್ವಾ, ಹಾಗೆ."

ಸಂಜೆ ಹಡಗಿಗೆ ಇನ್ನೂ ಹೊತ್ತಿತ್ತು. ಇಳಿಜಾರಿನಲ್ಲಿ ಬಸ್ ಸ್ಟಾಪ್ ಕಡೆ ನಡೆದು ಬರುತ್ತಿದ್ದೆವು. ರಸ್ತೆ ಪಕ್ಕದ ಚರಂಡಿಯಲ್ಲಿ ನೀರು ಬಿರುಸಾಗಿ ಓಡುತ್ತಿತ್ತು, ಅದರ ಮೇಲೂ ಹಬೆ. ಅಮ್ಮ ಬೆಳಗಿನಿಂದ ಈ ಚರಂಡಿಗಳನ್ನೇ ನೋಡುತ್ತಿದ್ದಳು ಅನ್ನಿಸುತ್ತೆ. "ಇಷ್ಟು ಬಚ್ಚಲು ನೀರು ಹರಿದು ಹೋಗುತ್ತಲ್ಲೇ. ಒಂದು ಬಾಳೆ ಬುಡ ಇಲ್ಲ, ಒಂದು ಕೆಸುವಿನ ಗಿಡ ಇಲ್ಲ. ಎಲ್ಲಿಗೆ ಹೋಗುತ್ತೆ ಇದು?" ಸಮುದ್ರಕ್ಕೆ ಹೋಗುತ್ತೆ ಅಂದೆ. ದಾರಿ ಒಂದು ಸಣ್ಣ ಹೊಳೆಯ ಸೇತುವೆ ಮೇಲೆ ಹಾದುಹೋಗುತ್ತಿತ್ತು. ಅಮ್ಮ ಕಟಾಂಜನ ಹಿಡಿದು ಕೆಳಗೆ ಬಗ್ಗಿದಳು. ನೀರಲ್ಲಿ ಮೀನು. ಒಂದೆರಡಲ್ಲ, ಕಪ್ಪಗೆ ಅಂಗೈ ಅಗಲದವು, ಹಿಂಡುಗಟ್ಟಿ ಪ್ರವಾಹಕ್ಕೆ ಎದುರಾಗಿ ನಿಂತಿದ್ದವು. ತಿಲಾಪಿಯಾ, ನಮ್ಮ ಕೆರೆಗಳಲ್ಲಿ ಜಿಲೇಬಿ ಅಂತಾರಲ್ಲ, ಅದೇ. ಆಫ್ರಿಕಾ ಕಡೆಯ ಮೀನು, ಜಪಾನಿನ ಚಳಿಗಾಲದಲ್ಲಿ ಹೊಳೆಯಲ್ಲಿ ಬದುಕಬಾರದು. ಸ್ನಾನದ ಮನೆಗಳ ನೀರು ಬಂದು ಸೇರುವುದರಿಂದ ಈ ಊರಿನ ಹೊಳೆಗಳಲ್ಲಿ ಬದುಕಿದೆ.

ಪಕ್ಕದಲ್ಲಿ ಹೊಳೆಗಿಳಿಯಲು ಸಿಮೆಂಟಿನ ಮೆಟ್ಟಿಲಿದ್ದವು. ಬೇಡ ಅನ್ನುವಷ್ಟರಲ್ಲಿ ಅಮ್ಮ ಚಪ್ಪಲಿ ಬಿಟ್ಟು ಇಳಿದಾಗಿತ್ತು. ಕೊನೆಯ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಹಂಡೆಗೆ ಅದ್ದಿ ನೋಡುವ ಹಾಗೆ ನಾಲ್ಕು ಬೆರಳು ನೀರಿಗೆ ಅದ್ದಿದಳು. ಮೀನುಗಳು ಒಂಚೂರು ಸರಿದು ಜಾಗ ಕೊಟ್ಟವು.

"ಹದವಾಗಿದೆ" ಅಂದಳು.

ಬಸ್ಸಿಗೆ ಇನ್ನೂ ಹನ್ನೆರಡು ನಿಮಿಷ ಇತ್ತು. ನಾನೂ ಚಪ್ಪಲಿ ಬಿಟ್ಟು ಇಳಿದೆ.